ಎಂಟನೆಯ ಅಂಗ

(ಶಾಖಾಮಠದ ವಾರ್ಷಿಕೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥

ನಾನು ಪಂಡಿತನಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಹುಟ್ಟಿದ್ದು ಕುಂಬಳೆ ಸೀಮೆಯಲ್ಲಿ. ಅನ್ನ ಕೊಟ್ಟದ್ದು ಎರ್ನಾಕುಳಂ. ಶಾಸ್ತ್ರವಿಚಾರವನ್ನು ಹೇಳುವ ಅಧಿಕಾರ ನನಗಿಲ್ಲವೆಂದು ಆಡಳಿತ ಸಮಿತಿಯವರಲ್ಲಿ ಅರಿಕೆ ಮಾಡಿಕೊಂಡೆ. “ಹಾಗಾದರೆ ನಿಮಗಾದ ಅನುಭವವನ್ನು ಹೇಳಿ” ಎಂದರು. ಅನುಭವವೆಂದರೆ ಬಹುಮಟ್ಟಿಗೆ ಮಾಡಿದ ತಪ್ಪುಗಳ ಪಟ್ಟಿಯೇ ಅಲ್ಲವೇ? ಅಂಥ ಒಂದು ತಪ್ಪಿನಿಂದಲೇ ಈ ಮಾತನ್ನು ಆರಂಭಿಸುತ್ತೇನೆ.

2016ನೇ ಇಸವಿಯ ಏಪ್ರಿಲ್ ತಿಂಗಳು. ಎರ್ನಾಕುಳಂ ನಗರದ ಒಂದು ದೇವಾಲಯಕ್ಕೆ ಹೋಗಿದ್ದೆ. ಉಚ್ಚಪೂಜೆಯ ಹೊತ್ತು. ಹೊರಾಂಗಣದ ಕಲ್ಲುಹಾಸಿನ ಮೇಲೆ ಇಪ್ಪತ್ತೊಂದು ಪ್ರದಕ್ಷಿಣೆಗಳ ಸಂಕಲ್ಪ. ನಮ್ಮ ವಸತಿ ಸಮುಚ್ಚಯದ ಲೆಕ್ಕಪತ್ರದಲ್ಲಿ ಆಗ ಒಂದು ವಿವಾದ ಎದ್ದಿತ್ತು. ಹಿಂದಿನ ದಿನದ ಸಭೆಯಲ್ಲಿ ಒಬ್ಬರು ನನಗೆ ಆಡಿದ ಮಾತೂ, ನಾನು ಆಡಬಹುದಾಗಿದ್ದು ಆಡದೆ ಬಂದ ಉತ್ತರವೂ ತಲೆಯಲ್ಲಿ ಸುತ್ತುತ್ತಿದ್ದವು. ಬಾಯಿ ನಾಮವನ್ನು ಹೇಳುತ್ತಿತ್ತು, ಬೆರಳು ಎಣಿಕೆ ಹಿಡಿದಿತ್ತು, ಕಾಲು ನಡೆಯುತ್ತಿತ್ತು. ಇಪ್ಪತ್ತೊಂದೂ ಮುಗಿದವು, ಎಣಿಕೆಯಲ್ಲಿ ಒಂದೂ ತಪ್ಪಲಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದೆ. ಸಂಜೆ ನನ್ನ ಪತ್ನಿ, “ಕಾಲು ತೊಳೆದು ಒರೆಸಿಕೊಳ್ಳಲಿಲ್ಲವೇ? ನೆಲದಲ್ಲೆಲ್ಲ ಒದ್ದೆ ಹೆಜ್ಜೆ” ಎಂದಳು. ನಾನು ಕಾಲು ತೊಳೆದಿರಲಿಲ್ಲ. ಪಾದವನ್ನು ಮಗುಚಿ ನೋಡಿದರೆ ಬಲ ಅಂಗಾಲು ಉದ್ದಕ್ಕೂ ಬೊಬ್ಬೆ ಎದ್ದು ಒಡೆದುಹೋಗಿತ್ತು.

ಸುಟ್ಟದ್ದು ನನಗೆ ತಿಳಿದಿರಲಿಲ್ಲ. ಹದಿನೈದು ವರ್ಷಗಳಿಂದ ನನಗೆ ಮಧುಮೇಹ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿಯೇ ಇದ್ದರೆ ನರಗಳು ಹಾಳಾಗುತ್ತವೆ. ಅವುಗಳಲ್ಲೂ ಅತ್ಯಂತ ಉದ್ದವಾದ ನರಗಳು ಮೊದಲು. ಆದ್ದರಿಂದ ಪಾದದ ಸಂವೇದನೆಯೇ ಮೊದಲು ಕುಗ್ಗುವುದು. ವೈದ್ಯರು ತೆಳ್ಳಗಿನ ಒಂದು ನೈಲಾನ್ ಎಳೆಯನ್ನು ಅಂಗಾಲಿನ ಕೆಲವೆಡೆ ಒತ್ತಿ, ಕಣ್ಣು ಮುಚ್ಚಿರುವ ನನ್ನನ್ನು “ತಾಗಿದಾಗ ಹೇಳಿ” ಎಂದರು. ನಾನು ಇನ್ನೂ ಅವರು ಆರಂಭಿಸುವುದನ್ನೇ ಕಾಯುತ್ತಿದ್ದೆ. ಅವರು ಪರೀಕ್ಷೆ ಮುಗಿಸಿ ಎದ್ದಿದ್ದರು. ಗಾಯ ಕೆಟ್ಟಿತು. ಏಳು ವಾರ ಹಾಸಿಗೆ. ಕೊನೆಗೆ ಕಿರುಬೆರಳನ್ನು ತೆಗೆಯಬೇಕಾಯಿತು. ಬಿಡುಗಡೆಯ ದಿನ ವೈದ್ಯರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ನಿಮ್ಮ ಪಾದ ಇನ್ನು ನಿಮಗೆ ಸುದ್ದಿ ಕಳುಹಿಸುವುದಿಲ್ಲ. ನೀವೇ ಹೋಗಿ ವಿಚಾರಿಸಿಕೊಂಡು ಬರಬೇಕು.”

ಇದು ನನ್ನೊಬ್ಬನ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ಕೇರಳದ ವಯಸ್ಕರಲ್ಲಿ ಶೇಕಡಾ 25.5ರಷ್ಟು ಮಂದಿಗೆ ಮಧುಮೇಹವಿದೆ. ಈ ಸಭೆಯಲ್ಲಿ ನಾಲ್ವರಲ್ಲಿ ಒಬ್ಬರು ಎಂದು ಲೆಕ್ಕ ಹಾಕಿದರೂ ತಪ್ಪಾಗಲಾರದು.

ಹಾಸಿಗೆಯಲ್ಲಿದ್ದ ದಿನಗಳಲ್ಲಿ ಮನಸ್ಸಿಗೆ ಬಂದ ಮೊದಲ ಪ್ರಶ್ನೆ, “ದೇವರ ಪ್ರದಕ್ಷಿಣೆ ಮಾಡುವಾಗಲೇ ಹೀಗಾಗಬೇಕೇ?” ಎಂಬುದು. ಸ್ವಲ್ಪ ದಿನ ಕಳೆದ ಮೇಲೆ ಬೇರೊಂದು ಪ್ರಶ್ನೆ ಎದ್ದಿತು: “ಆ ದಿನ ಪ್ರದಕ್ಷಿಣೆ ಮಾಡಿದವರು ಯಾರು?” ಕಾಲು ಸುತ್ತಿತು, ನಿಜ. ನಾನು ಅಲ್ಲಿದ್ದೆನೇ?

ಎಂಟು ಅಂಗಗಳು

ಅಷ್ಟಾಂಗ ನಮಸ್ಕಾರವನ್ನು ನಾವೆಲ್ಲರೂ ಬಾಲ್ಯದಿಂದ ಮಾಡುತ್ತಿದ್ದೇವೆ. ಆ ಎಂಟು ಅಂಗಗಳು ಯಾವುವು? ಎದೆ, ತಲೆ, ಕೈಗಳು, ಪಾದಗಳು, ಮೊಣಕಾಲುಗಳು, ಇಲ್ಲಿಗೆ ಐದಾಯಿತು. ದೃಷ್ಟಿ ಆರನೆಯದು, ಮಾತು ಏಳನೆಯದು. ಎಂಟನೆಯದು ಮನಸ್ಸು. ಎಣಿಸುವ ಕ್ರಮ ಬೇರೆ ಬೇರೆ ಇರಬಹುದು. ಈ ಎಣಿಕೆಯಲ್ಲಿ ಮನಸ್ಸೂ ಒಂದು ಅಂಗ. ಮಾತೆಯರಿಗೆ ಪಂಚಾಂಗ ನಮಸ್ಕಾರ ವಿಹಿತವಾಗಿದ್ದರೂ ಮನಸ್ಸಿನ ಪಾಲು ಅಲ್ಲಿಯೂ ಕಡಿಮೆಯಾದುದಲ್ಲ.

ಎಷ್ಟು ಸೂಕ್ಷ್ಮವಾದ ಎಣಿಕೆಯಿದು ನೋಡಿ. ನಮ್ಮ ಹಿರಿಯರು ಮನಸ್ಸನ್ನು ದೇಹದಿಂದ ಬೇರೆ ಮಾಡಿ ಎತ್ತರದ ಪೀಠದಲ್ಲಿ ಕೂರಿಸಲಿಲ್ಲ. ಮೊಣಕಾಲಿನ ಸಾಲಿನಲ್ಲಿಯೇ ಅದನ್ನೂ ನೆಲಕ್ಕೆ ಬಾಗಿಸಿದರು. ಮೊದಲ ಏಳನ್ನು ಪಕ್ಕದಲ್ಲಿ ನಿಂತವರು ಕಾಣಬಲ್ಲರು, ಕೇಳಬಲ್ಲರು. ಎಂಟನೆಯದು ಬಾಗಿದೆಯೋ ಇಲ್ಲವೋ ಎಂಬುದು ಮಾಡುವವನಿಗೂ ಮಾಡಿಸುವವನಿಗೂ ಮಾತ್ರ ಗೊತ್ತು. ಮೊಣಕಾಲು ಮಡಿಸಲಾಗದವನು ನಮಸ್ಕಾರ ಅಪೂರ್ಣವಾಯಿತೆಂದು ವ್ಯಥೆಪಡುತ್ತಾನೆ. ಮನಸ್ಸು ಬಾರದವನಿಗೆ ಆ ವ್ಯಥೆಯೂ ಇಲ್ಲ.

ಇಂದು ‘ಮೈಂಡ್‌ಫುಲ್‌ನೆಸ್’ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಬೌದ್ಧರ ಸ್ಮೃತಿಸಾಧನೆಯ ಮೂಲದಿಂದ ಬಂದ ಈ ಅಭ್ಯಾಸವನ್ನು ಅಮೆರಿಕದ ಜಾನ್ ಕಬಟ್-ಜಿನ್ ಎಂಬವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಅಳವಡಿಸಿದರು. ವಿಯೆಟ್ನಾಮಿನ ಭಿಕ್ಷು ತಿಕ್ ನಾತ್ ಹಾನ್ ಅವರು ನಡಿಗೆಯನ್ನೇ ಧ್ಯಾನವಾಗಿ ಮಾಡುವುದನ್ನು ಲೋಕಕ್ಕೆ ಕಲಿಸಿದರು. ಒಳ್ಳೆಯದನ್ನು ಯಾರು ಹೇಳಿದರೂ ಗೌರವಿಸೋಣ. ಆದರೆ ನಮ್ಮ ನಮಸ್ಕಾರದಲ್ಲಿಯೇ, ನಮ್ಮ ಪ್ರದಕ್ಷಿಣೆಯಲ್ಲಿಯೇ ಇದ್ದುದನ್ನು ನಾವು ಗಮನಿಸದೆ ಹೋದೆವಲ್ಲ ಎಂಬುದು ನನ್ನ ಸಂಕಟ. ಪ್ರದಕ್ಷಿಣೆಯ ನಡಿಗೆ ಹೇಗಿರಬೇಕೆಂಬುದಕ್ಕೆ ಹಿರಿಯರು ಕೊಡುತ್ತಿದ್ದ ಹೋಲಿಕೆ ನಿಮಗೆ ತಿಳಿದದ್ದೇ: ದಿನ ತುಂಬಿದ ಗರ್ಭಿಣಿಯೊಬ್ಬಳು ಎಣ್ಣೆ ತುಂಬಿದ ಕೊಡವನ್ನು ಹೊತ್ತು ಹೇಗೆ ನಡೆಯುವಳೋ ಹಾಗೆ. ಒಳಗೊಂದು ಜೀವ, ತಲೆಯ ಮೇಲೊಂದು ಭಾರ. ಅವಳು ಹೆಜ್ಜೆಯನ್ನು ಮರೆಯಲಾರಳು.

ಈ ಹೋಲಿಕೆಯನ್ನು ಕೇಳಿದಾಗಲೆಲ್ಲ ನನಗೆ ನನ್ನ ತಾಯಿಯ ನೆನಪಾಗುತ್ತದೆ. ಊರಿನ ಮನೆಯ ಬಾವಿ ತಗ್ಗಿನಲ್ಲಿತ್ತು. ಮಡಿನೀರಿನ ಕೊಡ ಹೊತ್ತು ಮುರಕಲ್ಲಿನ ಮೆಟ್ಟಿಲು ಹತ್ತಿ ಬರುವಾಗ ಯಾರು ಏನೇ ಕೇಳಲಿ, ಅವಳು ಉತ್ತರಿಸುತ್ತಿರಲಿಲ್ಲ. ಕೊಡವನ್ನು ಇಳಿಸಿ, ಸೆರಗನ್ನು ಸರಿಪಡಿಸಿಕೊಂಡು, “ಏನು ಕೇಳಿದೆ?” ಎನ್ನುತ್ತಿದ್ದಳು. ಬಾಲಕನಾದ ನನಗೆ ಅದು ಬಿಗುಮಾನವಾಗಿ ಕಂಡಿತ್ತು. ಮಳೆಗಾಲದ ಪಾಚಿಯಲ್ಲಿ ಇಷ್ಟು ವರ್ಷ ಹತ್ತಿ ಇಳಿದರೂ ಆಕೆ ಒಮ್ಮೆಯೂ ಜಾರಲಿಲ್ಲವೆಂಬುದು ಆಗ ನನ್ನ ಲೆಕ್ಕಕ್ಕೆ ಬರಲಿಲ್ಲ.

ಕೊಚ್ಚಿಯ ಬಲೆ, ಅನಂತಪುರದ ಕಳರಿ

ಗಾಯ ಮಾಗಿದ ಮೇಲೆ ಮೆಲ್ಲಮೆಲ್ಲನೆ ನಡೆಯಲು ಕಲಿಯುತ್ತಿದ್ದ ಕಾಲದಲ್ಲಿ ಮಗ ನನ್ನನ್ನು ಸಂಜೆಯ ಹೊತ್ತು ಫೋರ್ಟ್ ಕೊಚ್ಚಿಯ ಸಮುದ್ರ ತೀರಕ್ಕೆ ಕರೆದೊಯ್ಯುತ್ತಿದ್ದ. ಅಲ್ಲಿಯ ಚೀನೀ ಬಲೆಗಳನ್ನು ನೀವೆಲ್ಲರೂ ನೋಡಿದ್ದೀರಿ. ಒಂದು ತುದಿಯಲ್ಲಿ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ಕಟ್ಟಿ ತೂಗಬಿಟ್ಟ ಕಲ್ಲುಗಳು, ನಡುವೆ ಮರದ ದೊಡ್ಡ ತೊಲೆ. ಇಡೀ ಯಂತ್ರವೇ ತಕ್ಕಡಿ. ಅದರ ಸಮತೋಲ ಎಷ್ಟು ನಯವೆಂದರೆ, ಒಬ್ಬ ಮನುಷ್ಯ ತೊಲೆಯ ಮೇಲೆ ನಡೆದುಹೋದರೆ ಆ ಭಾರಕ್ಕೇ ಬಲೆ ನೀರಿಗಿಳಿಯುತ್ತದೆ. ಮೇಲೆತ್ತುವಾಗ ನಾಲ್ಕಾರು ಜನ ಒಟ್ಟಾಗಿ ಹಗ್ಗ ಎಳೆಯುತ್ತಾರೆ.

ನಾಲ್ಕು ದಶಕಗಳ ಕಾಲ ಆ ಬಲೆಗಳನ್ನು ನೋಡಿದ್ದೆ. ತೊಲೆಯ ಮೇಲೆ ನಡೆಯುವವನ ಪಾದವನ್ನು ಅಂದೇ ಮೊದಲು ನೋಡಿದೆ. ಅವನು ನಿಧಾನವಾಗಿ ನಡೆಯುತ್ತಿರಲಿಲ್ಲ. ಜೊತೆಗಾರರೊಡನೆ ನಗುತ್ತಲೂ ಇದ್ದ. ಆದರೆ ಹೆಜ್ಜೆ ಇಡುವ ಕ್ಷಣದಲ್ಲಿ ಪಾದ ತೊಲೆಯನ್ನು ಕೇಳಿಕೊಂಡೇ ಭಾರ ಹಾಕುತ್ತಿತ್ತು. ಎಚ್ಚರವೆಂದರೆ ಮುಖ ಬಿಗಿದುಕೊಂಡು ನಿಧಾನವಾಗಿ ನಡೆಯುವುದಲ್ಲ ಎಂಬುದು ಆ ದಿನ ಅರಿವಾಯಿತು. ಎಚ್ಚರವು ವೇಗದ ಪ್ರಶ್ನೆಯಲ್ಲ, ಹಾಜರಿಯ ಪ್ರಶ್ನೆ.

ಇದೇ ಪಾಠದ ಮುಂದಿನ ಭಾಗ ನನಗೆ ದೊರೆತದ್ದು ತಿರುವನಂತಪುರದಲ್ಲಿ. ಮಗಳ ಮನೆ ಅಲ್ಲಿ, ಕೋಟೆಯ ಸಮೀಪ. ಮೊಮ್ಮಗನೊಡನೆ ಒಂದು ಬೆಳಗ್ಗೆ ಪೂರ್ವಕೋಟೆಯ ಸಿ.ವಿ.ಎನ್. ಕಳರಿಗೆ ಹೋದೆ. 1956ರಲ್ಲಿ ಸ್ಥಾಪನೆಯಾದ, ಕಳರಿಪಯಟ್ಟಿನ ಪ್ರಸಿದ್ಧ ಶಾಲೆ ಅದು. ಸಾಂಪ್ರದಾಯಿಕ ಕಳರಿಯ ಅಳತೆ ನಲವತ್ತೆರಡು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲ. ನೆಲಮಟ್ಟಕ್ಕಿಂತ ಕೆಳಗೆ ಅಗೆದ ಮಣ್ಣಿನ ಅಂಕಣ. ನೈಋತ್ಯದ ಮೂಲೆಯಲ್ಲಿ ಏಳು ಮೆಟ್ಟಿಲುಗಳ ಪೂತ್ತರ ಎಂಬ ಪೀಠ. ಒಳಗೆ ಬರುವ ಪ್ರತಿಯೊಬ್ಬನೂ ಬಲಗಾಲನ್ನು ಮುಂದಿಟ್ಟು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಗುರುಗಳು ಬಾಯಿಯಿಂದ ಹೇಳುವ ವಾಯ್ತಾರಿಯ ಪ್ರತಿ ಶಬ್ದಕ್ಕೂ ಶಿಷ್ಯರ ಶರೀರ ಒಟ್ಟಿಗೆ ತಿರುಗುತ್ತದೆ. ಹಲವು ವರ್ಷ ಹೀಗೆ ದೇಹವನ್ನು ಪಳಗಿಸಿದ ಮೇಲೆಯೇ ಆಯುಧ ಕೈಗೆ ಬರುವುದು. ಈ ವಿದ್ಯೆಯ ಗುರಿಯನ್ನು ಮಲಯಾಳದಲ್ಲಿ ‘ಮೆಯ್ಯೇ ಕಣ್ಣಾಗುವುದು’ ಎನ್ನುತ್ತಾರೆ. ಮೈಯೆಲ್ಲ ಕಣ್ಣು! ಪಾದದ ಕಣ್ಣು ಕುರುಡಾಗಿದ್ದ ನನಗೆ ಆ ಮಾತು ಎಲ್ಲಿ ತಾಗಿರಬೇಕು, ಊಹಿಸಿ.

ಅಲ್ಲಿಂದ ಶ್ರೀ ಅನಂತಪದ್ಮನಾಭನ ಸನ್ನಿಧಿಗೆ ನಡೆದೇ ಹೋದೆವು. ಈ ಕ್ಷೇತ್ರಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. ಅಲ್ಲಿಯ ಅರ್ಚಕರು ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೆ ಈಚೆಯ ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂಬ ಕುಟುಂಬಗಳಿಂದ ಬಂದವರು. ಶ್ರೀಮದಾಚಾರ್ಯರು ತಮ್ಮ ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದರೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯ ತಿಳಿಸುತ್ತದೆ. ಉಡುಪಿಯಿಂದ ಅನಂತಪುರಕ್ಕೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಅದು ಕಾಲ್ನಡಿಗೆಯ ಯಾತ್ರೆ.

ಹದಿನೆಂಟು ಅಡಿ ಉದ್ದದ ಶೇಷಶಾಯಿಯನ್ನು ಅಲ್ಲಿ ಒಂದೇ ನೋಟದಲ್ಲಿ ಕಾಣಲಾಗದು. ಮೂರು ಬಾಗಿಲುಗಳು. ಮೊದಲನೆಯದರಲ್ಲಿ ಶ್ರೀಮುಖ, ನಡುವಿನದರಲ್ಲಿ ನಾಭಿಕಮಲ, ಬ್ರಹ್ಮದೇವರು, ಮೂರನೆಯದರಲ್ಲಿ ಪಾದಗಳು. ಒಂದೇ ಶಿಲೆಯ ಮಂಟಪದ ಮೇಲೆ ನಿಂತು ಭಕ್ತನು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಸರಿಯಬೇಕು. ಸ್ವಾಮಿ ಮಲಗಿದ್ದಾನೆ, ಚಲಿಸಬೇಕಾದವನು ಭಕ್ತ. ಎರಡು ಬಾಗಿಲುಗಳ ನಡುವಿನ ಕೆಲವೇ ಹೆಜ್ಜೆಗಳಲ್ಲಿ ಮನಸ್ಸು ಜಾರಿದರೆ ಕಂಡದ್ದು ಮೂರು ತುಣುಕು. ಮುಖವನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ನಾಭಿಯ ಬಳಿಗೆ, ಎರಡನ್ನೂ ಹೊತ್ತುಕೊಂಡೇ ಪಾದಗಳ ಬಳಿಗೆ ಹೋದವನಿಗೆ ಮಾತ್ರ ಪೂರ್ಣಮೂರ್ತಿ. ಹಿಂದೆ ಎಷ್ಟೋ ಬಾರಿ ಹೋಗಿದ್ದೆ. ಬಾಗಿಲುಗಳನ್ನು ನೋಡಿದ್ದೆ, ನಡುವಿನ ಹೆಜ್ಜೆಗಳನ್ನು ನೋಡಿರಲಿಲ್ಲ.

ಹೊರಗೆ ಬಂದು ಶೀವೇಲಿಪ್ಪುರದಲ್ಲಿ ಪ್ರದಕ್ಷಿಣೆ ಮಾಡಿದೆ. ಮುನ್ನೂರ ಅರವತ್ತೈದೂ ಕಾಲು ಎಂದು ಎಣಿಸುವ ಕೆತ್ತನೆಯ ಕಂಬಗಳ ಆ ದೀರ್ಘ ಪ್ರಾಕಾರಕ್ಕೆ ಕಲ್ಲಿನ ಮಾಡು ಇದೆ. ತಂಪಾದ ನೆಲ. ಕಟ್ಟಿಸಿದವರು ಭಕ್ತನ ಅಂಗಾಲನ್ನೂ ಚಿಂತಿಸಿದ್ದರಲ್ಲ ಎಂದು ಕಣ್ಣು ತುಂಬಿ ಬಂತು. ನನ್ನ ಅಂಗಾಲನ್ನು ನಾನೇ ಚಿಂತಿಸಿರಲಿಲ್ಲ.

ನಡೆಸುವವನ ನೆನಪು

ಇಲ್ಲಿಯವರೆಗೆ ಹೇಳಿದ್ದು ದೇಹದ ಎಚ್ಚರ. ಅದು ಮೊದಲ ಮೆಟ್ಟಿಲು. ನಮ್ಮ ಸಿದ್ಧಾಂತವು ಇನ್ನೊಂದು ಮೆಟ್ಟಿಲು ಮೇಲಕ್ಕೆ ಕರೆದೊಯ್ಯುತ್ತದೆ. ನಡಿಗೆಯನ್ನು ಗಮನಿಸಿದರೆ ಸಾಲದು, ನಡೆಸುವವನನ್ನು ಸ್ಮರಿಸಬೇಕು. ನೋಡುವುದು, ಕೇಳುವುದು, ಮುಟ್ಟುವುದು, ನಡೆಯುವುದು, ಉಸಿರಾಡುವುದು ಈ ಎಲ್ಲದರ ನಡುವೆ ತತ್ತ್ವವನ್ನು ಬಲ್ಲವನು ಹೇಗೆ ಭಾವಿಸಬೇಕೆಂಬುದನ್ನು ಗೀತೆಯ ಐದನೆಯ ಅಧ್ಯಾಯದಲ್ಲಿ ಭಗವಂತನು ಹೇಳಿದ್ದಾನೆ. ಜೀವನು ಕರ್ತನೇ, ಆದರೆ ಸ್ವತಂತ್ರ ಕರ್ತನಲ್ಲ. ಅವನ ಕರ್ತೃತ್ವ ಶ್ರೀಹರಿಯ ಅಧೀನ.

ದೇಹದಲ್ಲಿ ನಡೆಯುವ ಚಲನೆಗಳಿಗೆಲ್ಲ ಆಧಾರ ಮುಖ್ಯಪ್ರಾಣ. ನಾವು ಮಲಗಿರಲಿ, ಎಚ್ಚರವಿರಲಿ, ವಾಯುದೇವರು ನಮ್ಮೊಳಗಿದ್ದು ದಿನವೊಂದಕ್ಕೆ 21,600 ಹಂಸಮಂತ್ರದ ಜಪವನ್ನು ನಡೆಸುತ್ತಾರೆಂಬುದು ಸಂಪ್ರದಾಯದ ಮಾತು. ಲೆಕ್ಕದವನಾದ ನಾನು ಭಾಗಿಸಿ ನೋಡಿದೆ. ದಿನಕ್ಕೆ 1,440 ನಿಮಿಷಗಳು. ನಿಮಿಷಕ್ಕೆ ಹದಿನೈದು ಉಸಿರು. ಆರೋಗ್ಯವಂತನಾದ ವಯಸ್ಕನು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಬಾರಿ ಉಸಿರಾಡುತ್ತಾನೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ನಾನು ವಸತಿ ಸಮುಚ್ಚಯದ ಜಗಳವನ್ನು ಮನಸ್ಸಿನಲ್ಲಿ ಕಡೆಯುತ್ತ ಸುತ್ತುತ್ತಿದ್ದಾಗಲೂ ಆ ಜಪ ಒಳಗೆ ನಡೆದೇ ಇತ್ತು. ಮನೆಗೆ ಬಂದ ಮಹಾಅತಿಥಿ ಪೂಜೆಗೆ ಕುಳಿತಿರಲು ಯಜಮಾನ ಬೀದಿಯಲ್ಲಿ ವಾಗ್ವಾದ ಮಾಡುತ್ತಿದ್ದ ಹಾಗಾಯಿತು.

ಶರೀರವೆಂದರೆ ತುಚ್ಛ, ಆತ್ಮವಿಚಾರ ಮಾತ್ರ ಶ್ರೇಷ್ಠ ಎಂಬ ಒಂದು ತಪ್ಪು ಭಾವನೆ ನಮ್ಮಲ್ಲಿ ಕೆಲವರಿಗಿದೆ. ಶ್ರೀಮದಾಚಾರ್ಯರ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಗುರುಕುಲದಲ್ಲಿದ್ದಾಗ ಓಟದಲ್ಲಿ, ಈಜಿನಲ್ಲಿ, ಮಲ್ಲಯುದ್ಧದಲ್ಲಿ ಅವರಿಗೆ ಸಮಾನರಿರಲಿಲ್ಲ. ಕಳಸದ ಬಳಿ ಭದ್ರಾನದಿಯ ಅಂಬುತೀರ್ಥದಲ್ಲಿ ಅವರು ಒಂದೇ ಕೈಯಿಂದ ಎತ್ತಿಟ್ಟರೆಂದು ಹೇಳುವ ಬಂಡೆ ಇಂದಿಗೂ ಇದೆ. ನಮ್ಮ ಹರಿದಾಸರನ್ನೇ ನೆನೆಯಿರಿ. ಕಾಲಲ್ಲಿ ಗೆಜ್ಜೆ, ಕೈಯಲ್ಲಿ ತಂಬೂರಿ, ಮನೆಮನೆಯ ಮುಂದೆ ನಡಿಗೆ. ಹೆಜ್ಜೆ, ತಾಳ, ಸ್ಮರಣೆ ಮೂರೂ ಬೇರೆಯಾಗಿರಲಿಲ್ಲ. ಹೆಜ್ಜೆ ತಪ್ಪಿದರೆ ಗೆಜ್ಜೆಯೇ ದೂರು ಹೇಳುತ್ತಿತ್ತು.

ಮನೆಯಲ್ಲಿ ಮಾಡಬಹುದಾದದ್ದು

“ಇದಕ್ಕೆಲ್ಲ ಸಮಯವೆಲ್ಲಿ?” ಎಂದು ತರುಣರು ಕೇಳುತ್ತಾರೆ. ಬೇರೆ ಸಮಯ ಬೇಕಿಲ್ಲವೆಂಬುದೇ ಇದರ ಸೌಲಭ್ಯ. ಹೇಗೂ ನಡೆಯುತ್ತೀರಿ, ಹೇಗೂ ಮೆಟ್ಟಿಲು ಹತ್ತುತ್ತೀರಿ, ಹೇಗೂ ಪಾತ್ರೆ ತೊಳೆಯುತ್ತೀರಿ. ನಾನು ಅನುಸರಿಸುತ್ತಿರುವ ಕ್ರಮ ಮೂರೇ ಮಾತಿನದು. ಕೆಲಸಕ್ಕೆ ಮೊದಲು ಒಂದು ಉಸಿರಿನಷ್ಟು ಹೊತ್ತು ನಿಲ್ಲುವುದು, ಅದೇ ಸಂಕಲ್ಪ. ನಡುವೆ ಮನಸ್ಸು ಓಡಿಹೋದದ್ದು ತಿಳಿದೊಡನೆ ಗದರಿಸದೆ ಪಾದಕ್ಕೋ ಕೈಗೋ ಕರೆತರುವುದು. ಕೊನೆಗೆ ಮಾಡಿದ್ದನ್ನು ಕೃಷ್ಣಾರ್ಪಣವೆನ್ನುವುದು. ಮನಸ್ಸು ನೂರು ಬಾರಿ ಓಡಿದರೆ ನೂರು ಬಾರಿ ಕರೆತರಬೇಕು. ಓಡಿತೆಂಬುದು ಸೋಲಲ್ಲ, ತಿಳಿಯಿತೆಂಬುದೇ ಲಾಭ.

ಕೊಚ್ಚಿ ಮೆಟ್ರೋದಲ್ಲಿ ಹೋಗುವ ತರುಣರೇ, ಚಲಿಸುವ ಮೆಟ್ಟಿಲಿನ ಮೇಲೆ ಕಾಲಿಡುವಾಗ ಮೊಬೈಲನ್ನು ಜೇಬಿನಲ್ಲಿಡಿ. ಅನಂತಪದ್ಮನಾಭನ ಗುಡಿಯಲ್ಲಿ ಮೊಬೈಲು ಒಳಗೆ ಬಿಡುವುದಿಲ್ಲ. ಆ ನಿಯಮವನ್ನು ಮೆಟ್ಟಿಲುಗಳಿಗೂ ರಸ್ತೆ ದಾಟುವುದಕ್ಕೂ ನೀವೇ ವಿಸ್ತರಿಸಿಕೊಳ್ಳಿ. ಮಾತೆಯರೇ, ಮೊಸರು ಕಡೆಯುವಾಗ, ರಂಗೋಲಿ ಇಡುವಾಗ, ತುಳಸಿಕಟ್ಟೆಗೆ ಸುತ್ತು ಬರುವಾಗ ನಿಮಗಿದು ಆಗಲೇ ಸಿದ್ಧಿಸಿದೆ. ಅದರ ಹೆಸರು ಮಾತ್ರ ನಿಮಗೆ ಯಾರೂ ಹೇಳಿರಲಿಲ್ಲ. ಹಿರಿಯರೇ, ಇಡವಪ್ಪಾತಿಯ ಮಳೆಯಲ್ಲಿ ಕೊಳದ ಮೆಟ್ಟಿಲುಗಳಿಗೆ ಪಾಚಿ ಹಿಡಿಯುತ್ತದೆ. ಸ್ನಾನದ ಮನೆಯ ಒದ್ದೆ ನೆಲವೂ ಅಷ್ಟೇ ಅಪಾಯಕರ. ಒಂದು ಹೆಜ್ಜೆ ನೆಲೆಗೊಂಡ ಮೇಲೆಯೇ ಇನ್ನೊಂದನ್ನು ಎತ್ತಿ. ಅದು ಮುದಿತನದ ಲಕ್ಷಣವಲ್ಲ, ಎಣ್ಣೆಯ ಕೊಡ ಹೊತ್ತವಳ ನಡಿಗೆ.

ಮಧುಮೇಹವಿರುವವರಿಗೆ ವಿಶೇಷವಾಗಿ ಒಂದು ಪ್ರಾರ್ಥನೆ. ಸುಡುಬಿಸಿಲಿನಲ್ಲಿ ಬರಿಗಾಲಿನಲ್ಲಿ ಕಲ್ಲಿನ ಮೇಲೆ ಸುತ್ತಬೇಡಿ. ಮುಂಜಾನೆ ಹೋಗಿ, ನೆರಳಿರುವ ಪ್ರಾಕಾರದಲ್ಲಿ ಸುತ್ತಿ. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದಪರೀಕ್ಷೆ ಮಾಡಿಸಿಕೊಳ್ಳಿ. ಇದು ಭಕ್ತಿಯ ಕೊರತೆಯಲ್ಲ. ದೇಹ ನಮ್ಮದಲ್ಲ, ಸಾಧನೆಗಾಗಿ ಅವನು ಕೊಟ್ಟದ್ದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ನಾವು ಠೇವಣಿಯ ಕಾವಲುಗಾರರು. ಕಾವಲುಗಾರ ನಿದ್ರಿಸಿದರೆ ಅದಕ್ಕೆ ವೈರಾಗ್ಯವೆಂಬ ಹೆಸರಿಲ್ಲ.

ಪ್ರತಿದಿನ ಸಂಜೆ ಸಂಧ್ಯಾವಂದನೆಗೆ ಮೊದಲು ನಾನು ಕಾಲು ತೊಳೆದು ಕುಳಿತು, ಒಂದು ಚಿಕ್ಕ ಕನ್ನಡಿಯನ್ನು ಕೆಳಗಿಟ್ಟು, ಎರಡು ಅಂಗಾಲುಗಳನ್ನೂ ನೋಡಿಕೊಳ್ಳುತ್ತೇನೆ. ಬೆರಳ ಸಂದುಗಳನ್ನು ಒರೆಸುತ್ತೇನೆ. ಕೈಯಿಂದ ಸವರಿ ವಿಚಾರಿಸುತ್ತೇನೆ. ಎಡಗಡೆ ಐದು, ಬಲಗಡೆ ನಾಲ್ಕು. ಐದು ನಿಮಿಷದ ಕೆಲಸ. ಮೊದಮೊದಲು ವೈದ್ಯರ ಭಯದಿಂದ ಮಾಡುತ್ತಿದ್ದೆ. ಈಗ ಅದು ನನ್ನ ದಿನದ ಅತ್ಯಂತ ಶಾಂತವಾದ ವೇಳೆ. ಎಪ್ಪತ್ತು ವರ್ಷ ನನ್ನನ್ನು ಹೊತ್ತ ಪಾದಗಳ ಪರಿಚಯ ನನಗೆ ಈಗ ಆಗುತ್ತಿದೆ.

ಅನಂತರ ದೇವರ ಮುಂದೆ ನಮಸ್ಕಾರ ಮಾಡುತ್ತೇನೆ. ಒಂದು ಬೆರಳು ಕಡಿಮೆಯಿದೆ. ಮೊಣಕಾಲು ಮೊದಲಿನಂತೆ ಮಡಿಯುವುದಿಲ್ಲ. ಎದೆ ನೆಲಕ್ಕೆ ತಾಗುವಾಗ ಏದುಸಿರು ಬರುತ್ತದೆ. ಆದರೂ ಎಂಟನೆಯ ಅಂಗ ಒಮ್ಮೊಮ್ಮೆ ಬಾಗುತ್ತದೆ. ಕಾಲು ಪೂರ್ಣವಾಗಿದ್ದ ಕಾಲದಲ್ಲಿ ಮಾಡಿದ ನಮಸ್ಕಾರಗಳಿಗಿಂತ ಇದು ಹೆಚ್ಚು ಪೂರ್ಣವಾಗಿದೆಯೆಂದು ನಾನು ನಂಬಿದ್ದೇನೆ.

ಈ ಸಭೆ ಮುಗಿದ ಮೇಲೆ ನಾವೆಲ್ಲರೂ ತೀರ್ಥಪ್ರಸಾದಕ್ಕಾಗಿ ಏಳಲಿದ್ದೇವೆ. ಎಲ್ಲರೂ ಹಸಿದಿದ್ದೀರಿ, ಅವಸರವಿರುವುದು ಸಹಜ. ಪಂಕ್ತಿಯ ಕಡೆಗಿನ ಆ ಇಪ್ಪತ್ತು ಹೆಜ್ಜೆಗಳಿಂದಲೇ ಆರಂಭಿಸೋಣ. ನನ್ನ ಮಾತಿನಲ್ಲಿ ದೋಷಗಳಿದ್ದರೆ ಹಿರಿಯರು ಕ್ಷಮಿಸಬೇಕು. ಗುಣವೇನಾದರೂ ಇದ್ದರೆ ಅದು ಗುರುಗಳದು.

॥ ಶ್ರೀಕೃಷ್ಣಾರ್ಪಣಮಸ್ತು ॥